ಬುನ್ಯೋಲ್‌ನ ಟೊಮೆಟೊ ಕಾಳಗ: ಎರಚಾಟವೊಂದು ಹಬ್ಬವಾಗಿ ಉಳಿದದ್ದು ಹೇಗೆ?

ಚರ್ಚೆ ಆರಂಭಿಸಿದವರು:

ಎಲ್ಲರಿಗೂ ನಮಸ್ಕಾರ. ಸ್ಪೇನ್ ದೇಶದ ವೆಲೆನ್ಸಿಯಾ ನಗರದಿಂದ ಪಶ್ಚಿಮಕ್ಕೆ ಸುಮಾರು 40 ಕಿಲೋಮೀಟರ್ ದೂರದಲ್ಲಿ ಬುನ್ಯೋಲ್ ಎಂಬ ಊರಿದೆ. ಅಲ್ಲಿ ಪ್ರತಿ ವರ್ಷ ಆಗಸ್ಟ್ ತಿಂಗಳ ಕೊನೆಯ ಬುಧವಾರ ನಡೆಯುವ ‘ಲಾ ಟೊಮಾಟಿನಾ’ ಹಬ್ಬದ ಚಿತ್ರಗಳನ್ನು ನಮ್ಮಲ್ಲಿ ಬಹುತೇಕರು ನೋಡಿರುತ್ತೇವೆ. ಕೆಂಪು ರಸದಲ್ಲಿ ಮಿಂದ ಜನ, ಟೊಮೆಟೊ ತುಂಬಿದ ಲಾರಿಗಳು, ಇಕ್ಕಟ್ಟಾದ ಬೀದಿ: ಇಷ್ಟನ್ನು ನೋಡಿ ಇದು ಪ್ರವಾಸಿಗರಿಗಾಗಿ ಹುಟ್ಟುಹಾಕಿದ ಮೋಜು ಎಂದು ತೀರ್ಮಾನಿಸುವವರೇ ಹೆಚ್ಚು. ಆದರೆ ಈ ಹಬ್ಬ ಆರಂಭವಾದದ್ದು 1945ರಲ್ಲಿ. ಆಗ ಆ ಊರಿಗೆ ಹೊರಗಿನಿಂದ ಯಾರೂ ಇದಕ್ಕಾಗಿ ಬರುತ್ತಿರಲಿಲ್ಲ. ಅಷ್ಟೇ ಅಲ್ಲದೆ, ಸರ್ಕಾರವೇ ನಿಷೇಧಿಸಿದ ಮೇಲೂ ಊರಿನವರು ಪಟ್ಟು ಹಿಡಿದು ಇದನ್ನು ಮರಳಿ ಪಡೆದುಕೊಂಡರು.

ಹತ್ತು ಸಾವಿರದಷ್ಟು ಜನಸಂಖ್ಯೆಯೂ ಇಲ್ಲದ ಒಂದು ಊರು, ದೇವರ ಉತ್ಸವವೂ ಅಲ್ಲದ, ಸುಗ್ಗಿಯ ಆಚರಣೆಯೂ ಅಲ್ಲದ ಒಂದು ಎರಚಾಟವನ್ನು ಇಷ್ಟು ದೀರ್ಘಕಾಲ ಕೈಬಿಡದೆ ಉಳಿಸಿಕೊಂಡದ್ದು ಏಕೆ ಎಂಬುದು ನನ್ನ ಮೊದಲ ಪ್ರಶ್ನೆ. ಲಕ್ಷಕ್ಕೂ ಹೆಚ್ಚು ಕಿಲೋ ತೂಗುವ ತರಕಾರಿಯನ್ನು ಒಂದು ಗಂಟೆಯಲ್ಲಿ ನೆಲದ ಪಾಲು ಮಾಡುವುದನ್ನು ಹಬ್ಬವೆಂದು ಒಪ್ಪಬಹುದೇ ಎಂಬುದು ಎರಡನೆಯದು. ಮೊದಲನೆಯದಕ್ಕೆ ನನ್ನದೇ ಆದ ಒಂದು ಉತ್ತರವಿದೆ. ಈ ಹಬ್ಬವನ್ನು ಉಳಿಸಿರುವುದು ಅದರ ಕಟ್ಟುಪಾಡು ಎಂದು ನಾನು ನಂಬಿದ್ದೇನೆ. ಏನನ್ನು ಎಸೆಯಬೇಕು, ಹೇಗೆ ಎಸೆಯಬೇಕು, ಯಾವಾಗ ನಿಲ್ಲಿಸಬೇಕು ಎಂಬುದನ್ನು ಊರು ತೀರ್ಮಾನಿಸಿರುವುದರಿಂದಲೇ ಅಲ್ಲಿ ಎರಚಾಟ ಹೊಡೆದಾಟವಾಗಿ ಮಾರ್ಪಡುವುದಿಲ್ಲ. ಬಲ್ಲವರು ಇದನ್ನು ಒರೆಗೆ ಹಚ್ಚಬೇಕೆಂದು ಕೋರುತ್ತೇನೆ.

ಇತಿಹಾಸದ ವಿದ್ಯಾರ್ಥಿ:

ಒಳ್ಳೆಯ ವಿಷಯವನ್ನು ಎತ್ತಿದ್ದೀರಿ. ನಿಮ್ಮ ಉತ್ತರವನ್ನು ಪರಿಶೀಲಿಸುವ ಮೊದಲು ಹಬ್ಬದ ಹುಟ್ಟನ್ನು ಸ್ವಲ್ಪ ವಿವರವಾಗಿ ನೋಡುವುದು ಒಳಿತು.

ಹೆಚ್ಚು ಪ್ರಚಲಿತವಾಗಿರುವ ಕಥನ ಹೀಗಿದೆ. 1945ರ ಆಗಸ್ಟ್ ಕೊನೆಯ ಬುಧವಾರ ಊರಿನ ಚೌಕದಲ್ಲಿ ದೈತ್ಯ ಬೊಂಬೆಗಳ ಮತ್ತು ದೊಡ್ಡ ತಲೆಯ ಮುಖವಾಡ ಧರಿಸಿದವರ ಮೆರವಣಿಗೆ ಸಾಗುತ್ತಿತ್ತು. ಕೆಲವು ಯುವಕರು ಅದರೊಳಗೆ ನುಗ್ಗಲು ಹೋದಾಗ ವೇಷಧಾರಿಯೊಬ್ಬ ಆಯತಪ್ಪಿ ಬಿದ್ದ, ಜಗಳ ಹತ್ತಿಕೊಂಡಿತು, ಪಕ್ಕದಲ್ಲೇ ಇದ್ದ ತರಕಾರಿ ಅಂಗಡಿಯ ಟೊಮೆಟೊಗಳು ಕೈಗೆ ಸಿಕ್ಕವು. ಪೊಲೀಸರು ಬಂದು ಗುಂಪನ್ನು ಚದುರಿಸಿದರು. ಇಷ್ಟಕ್ಕೇ ಮುಗಿದಿದ್ದರೆ ಅದು ಒಂದು ದಿನದ ಗಲಾಟೆಯಾಗಿ ಮರೆತುಹೋಗುತ್ತಿತ್ತು. ಆದರೆ ಮರುವರ್ಷ ಅದೇ ಬುಧವಾರ ಯುವಕರು ಮನೆಯಿಂದಲೇ ಟೊಮೆಟೊ ತಂದು ಮತ್ತೆ ಕಾಳಗಕ್ಕೆ ಇಳಿದರು. ನನ್ನ ಅಭಿಪ್ರಾಯದಲ್ಲಿ ಹಬ್ಬ ಹುಟ್ಟಿದ್ದು ಈ ಎರಡನೆಯ ವರ್ಷದಲ್ಲಿ, ಏಕೆಂದರೆ ಮೊದಲ ವರ್ಷದ್ದು ಆಕಸ್ಮಿಕ, ಎರಡನೆಯ ವರ್ಷದ್ದು ಸಂಕಲ್ಪ.

ಅದು ಎಂಥ ಕಾಲವಾಗಿತ್ತು ಎಂಬುದನ್ನೂ ಮರೆಯಬಾರದು. ಅಂತರ್ಯುದ್ಧ ಮುಗಿದ 1939ರಿಂದ 1952ರವರೆಗೆ ಸ್ಪೇನ್‌ನಲ್ಲಿ ಪಡಿತರ ಪದ್ಧತಿ ಜಾರಿಯಲ್ಲಿತ್ತು. ಬ್ರೆಡ್ಡು, ಎಣ್ಣೆ, ಸಕ್ಕರೆಗಳಿಗೆ ಜನ ಪಡಿತರ ಚೀಟಿ ಹಿಡಿದು ಸಾಲು ನಿಲ್ಲುತ್ತಿದ್ದರು. ಹೊಟ್ಟೆ ತುಂಬಿದವರ ಆಟ ಎಂದು ಇಂದು ಟೀಕೆಗೆ ಗುರಿಯಾಗಿರುವ ಈ ಹಬ್ಬ ಹುಟ್ಟಿದ್ದು ಅರೆಹೊಟ್ಟೆಯ ವರ್ಷಗಳಲ್ಲಿ. ಬೇಸಿಗೆಯ ಕೊನೆಗೆ ಟೊಮೆಟೊ ಧಾರಾಳವಾಗಿ ಹಣ್ಣಾಗುವ ಸೀಮೆಯಲ್ಲಿ, ಜನರ ಬಳಿ ಬೇಕಾದಷ್ಟು ಇದ್ದ ವಸ್ತು ಬಹುಶಃ ಅದೊಂದೇ ಆಗಿತ್ತು.

1950ರ ದಶಕದ ಆರಂಭದಲ್ಲಿ ಇದಕ್ಕೆ ನಿಷೇಧ ಬಿತ್ತು. ಸರ್ವಾಧಿಕಾರಿ ಫ್ರಾಂಕೋನ ಆಡಳಿತದಲ್ಲಿ ಜನ ಗುಂಪುಗೂಡುವುದನ್ನೇ ಅನುಮಾನದಿಂದ ನೋಡಲಾಗುತ್ತಿತ್ತು. ಯಾವ ಸಂತನ ಹೆಸರೂ ಇಲ್ಲದ, ಚರ್ಚಿನ ಆಶೀರ್ವಾದವೂ ಇಲ್ಲದ ಈ ಎರಚಾಟವನ್ನು ಸಮರ್ಥಿಸಿಕೊಳ್ಳಲು ಆಧಾರವೇ ಇರಲಿಲ್ಲ. ಆದರೂ ಕೆಲವರು ಬೀದಿಗಿಳಿದರು, ಕೆಲವರು ಸೆರೆಮನೆ ಕಂಡರು. ಆಗ 1957ರಲ್ಲಿ ಊರಿನವರು ಟೊಮೆಟೊಗೆ ಶವಯಾತ್ರೆ ಮಾಡಿದರು. ಶವಪೆಟ್ಟಿಗೆಯಲ್ಲಿ ಒಂದು ದೊಡ್ಡ ಟೊಮೆಟೊ ಇಟ್ಟು, ವಾದ್ಯದವರು ಶೋಕಗೀತೆ ನುಡಿಸುತ್ತಿರಲು, ಊರಿನ ಬೀದಿಗಳಲ್ಲಿ ಅದನ್ನು ಹೊತ್ತು ನಡೆದರು. ಘೋಷಣೆ ಕೂಗಿದ್ದರೆ ಲಾಠಿ ಬೀಸಬಹುದಿತ್ತು. ಗಂಭೀರವಾಗಿ ಶೋಕಾಚರಣೆ ನಡೆಸುತ್ತಿರುವವರನ್ನು ಏನೆಂದು ತಡೆಯುವುದು? ಹಬ್ಬಕ್ಕೆ ಇಲ್ಲದ ಧಾರ್ಮಿಕ ರೂಪವನ್ನು ಅದರ ಸಾವಿಗೆ ತೊಡಿಸಿದ ಈ ಜಾಣ್ಮೆ ನನಗೆ ಬಹಳ ಮೆಚ್ಚುಗೆಯಾದದ್ದು. ಪ್ರತಿಭಟನೆ ಫಲಿಸಿತು, ಹಬ್ಬಕ್ಕೆ ಅಧಿಕೃತ ಅನುಮತಿ ದೊರೆಯಿತು. ಅದರ ಜೊತೆಯಲ್ಲೇ ಎರಚಾಟದ ಆರಂಭ ಮತ್ತು ಅಂತ್ಯವನ್ನು ಸಿಡಿಮದ್ದಿನ ಸದ್ದಿನಿಂದ ಸೂಚಿಸುವ ಕ್ರಮವೂ ರೂಢಿಗೆ ಬಂದಿತು. ಹೀಗಾಗಿ ನೀವು ಹೇಳುವ ಕಟ್ಟುಪಾಡು ಭಾಗಶಃ ಆಡಳಿತ ಹೇರಿದ್ದು, ಭಾಗಶಃ ಊರು ಒಪ್ಪಿಕೊಂಡದ್ದು. ಅದನ್ನು ಸಂಪೂರ್ಣವಾಗಿ ಊರಿನದೇ ತೀರ್ಮಾನ ಎನ್ನುವುದು ಸರಿಯಾಗಲಾರದು.

ವೆಲೆನ್ಸಿಯಾ ವಾಸಿ:

ಉದ್ಯೋಗದ ನಿಮಿತ್ತ ಈ ಭಾಗದಲ್ಲಿ ನೆಲೆಸಿರುವುದರಿಂದ ಹಬ್ಬದ ದಿನವನ್ನು ಹತ್ತಿರದಿಂದ ಕಂಡಿದ್ದೇನೆ. ಶವಯಾತ್ರೆಯ ವಾದ್ಯದ ಮಾತು ಬಂದದ್ದರಿಂದ ಮೊದಲಿಗೆ ಒಂದು ವಿಷಯವನ್ನು ಸೇರಿಸುತ್ತೇನೆ. ಬುನ್ಯೋಲ್ ಈ ಸೀಮೆಯಲ್ಲಿ ಸಂಗೀತದ ಊರೆಂದೇ ಪ್ರಸಿದ್ಧ. ಅಷ್ಟು ಸಣ್ಣ ಊರಿನಲ್ಲಿ ‘ಲಾ ಆರ್ತಿಸ್ತಿಕಾ’ ಮತ್ತು ‘ಲಾ ಆರ್ಮೋನಿಕಾ’ ಎಂಬ ಎರಡು ದೊಡ್ಡ ವಾದ್ಯವೃಂದಗಳಿವೆ; ಅವುಗಳ ನಡುವಿನ ಪೈಪೋಟಿ ತಲೆಮಾರುಗಳಿಂದ ಬಂದದ್ದು. ಮನೆಮನೆಯಲ್ಲಿ ಒಬ್ಬರಾದರೂ ವಾದ್ಯ ಹಿಡಿಯುವ ಊರಿನಲ್ಲಿ ಪ್ರತಿಭಟನೆ ಶೋಕಗೀತೆಯ ರೂಪ ತಾಳಿದ್ದು ತೀರಾ ಸಹಜ. ಹೊರಗಿನವರು ಬುಧವಾರ ಬಂದು ಬುಧವಾರವೇ ಹೊರಟುಹೋಗುತ್ತಾರೆ. ಊರಿನವರಿಗಾದರೋ ಆ ಎರಚಾಟ ತಮ್ಮ ಪೋಷಕ ಸಂತ ಸಾನ್ ಲೂಯಿಸ್ ಬೆರ್ತ್ರಾನ್‌ನ ಗೌರವಾರ್ಥ ನಡೆಯುವ ಜಾತ್ರೆಯ ದಿನಗಳಲ್ಲಿ ಒಂದು ಮಾತ್ರ.

ಈಗ ಆ ದಿನದ ವಿಷಯ. ಕಾಳಗ ನಡೆಯುವ ಬೀದಿಯ ಮನೆ ಮತ್ತು ಅಂಗಡಿಗಳವರು ಮುಂಚೆಯೇ ತಮ್ಮ ಬಾಗಿಲು, ಕಿಟಕಿ, ಗೋಡೆಗಳಿಗೆ ಮೇಲಿನಿಂದ ಕೆಳಗಿನವರೆಗೆ ಪ್ಲಾಸ್ಟಿಕ್ ಹಾಳೆ ಮತ್ತು ಟಾರ್ಪಾಲು ಕಟ್ಟಿರುತ್ತಾರೆ. ಬೆಳಗ್ಗೆ ಚೌಕದಲ್ಲಿ ಜಿಡ್ಡು ಬಳಿದ ಎತ್ತರದ ಕಂಬವೊಂದನ್ನು ನಿಲ್ಲಿಸಿ, ಅದರ ತುದಿಗೆ ಉಪ್ಪು ಹಾಕಿ ಒಣಗಿಸಿದ ಹಂದಿಯ ತೊಡೆಯನ್ನು ಕಟ್ಟಲಾಗುತ್ತದೆ. ಯುವಕರು ಒಬ್ಬರ ಹೆಗಲ ಮೇಲೆ ಒಬ್ಬರು ನಿಂತು ಹತ್ತಲು ಹೋಗಿ, ಅರ್ಧದಲ್ಲೇ ಜಾರಿ, ಕೆಳಗಿದ್ದವರನ್ನೂ ಎಳೆದುಕೊಂಡು ಬೀಳುತ್ತಾರೆ. ಬಳಿಕ ಮೊದಲ ಸಿಡಿಮದ್ದು ಹಾರುತ್ತದೆ ಮತ್ತು ಲಾರಿಗಳು ಒಂದರ ಹಿಂದೆ ಒಂದರಂತೆ ಜನರ ನಡುವೆ ಆಮೆಯ ವೇಗದಲ್ಲಿ ನುಸುಳುತ್ತವೆ. ಬೀದಿ ಎಷ್ಟು ಕಿರಿದಾಗಿದೆಯೆಂದರೆ, ಲಾರಿ ಹಾದುಹೋಗುವಾಗ ಎರಡೂ ಬದಿಯ ಜನ ಬೆನ್ನನ್ನು ಗೋಡೆಗೆ ಒತ್ತಿ ನಿಲ್ಲಬೇಕಾಗುತ್ತದೆ. ನನಗೆ ಎದೆ ಡವಗುಟ್ಟಿದ್ದು ಟೊಮೆಟೊ ಬಿದ್ದಾಗ ಅಲ್ಲ, ಆ ಚಕ್ರಗಳು ಕಾಲಿನ ಬಳಿ ಸರಿದಾಗ. ಲಾರಿಯಿಂದ ಅಂತರ ಕಾಯ್ದುಕೊಳ್ಳಬೇಕೆಂಬ ನಿಯಮ ಏಕಿದೆ ಎಂಬುದು ಅಲ್ಲಿ ನಿಂತವರಿಗೆ ಚೆನ್ನಾಗಿ ಅರ್ಥವಾಗುತ್ತದೆ.

ನಿಯಮಗಳಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಎಸೆಯುವ ಮೊದಲು ಟೊಮೆಟೊವನ್ನು ಅಂಗೈಯಲ್ಲಿ ಹಿಸುಕಬೇಕೆಂಬುದು. ಹಿಸುಕಿದ ಹಣ್ಣು ಮೈಗೆ ಬಡಿದರೆ ನೋವಾಗುವುದಿಲ್ಲ. ಹಿಸುಕದ ಹಣ್ಣು ಹತ್ತಿರದಿಂದ ಕಿವಿಗೆ ಬಿದ್ದರೆ ಚೆನ್ನಾಗಿಯೇ ನೋಯುತ್ತದೆ. ಬಾಟಲಿ ಅಥವಾ ಗಟ್ಟಿ ವಸ್ತುಗಳನ್ನು ಒಯ್ಯುವಂತಿಲ್ಲ, ಮತ್ತೊಬ್ಬರ ಅಂಗಿಯನ್ನು ಹರಿಯುವಂತಿಲ್ಲ. ಒಂದು ಗಂಟೆ ಕಳೆದು ಎರಡನೆಯ ಸಿಡಿಮದ್ದಿನ ಸದ್ದು ಕೇಳಿದ ಮೇಲೆ ಒಂದೇ ಒಂದು ಹಣ್ಣನ್ನೂ ಎಸೆಯುವಂತಿಲ್ಲ. ಆ ಕ್ಷಣದಲ್ಲಿ ಎತ್ತಿದ ಕೈಗಳು ಕೆಳಗಿಳಿಯುವುದನ್ನು ಕಂಡಾಗ, ಚರ್ಚೆ ಆರಂಭಿಸಿದವರ ಮಾತಿನಲ್ಲಿ ಹುರುಳಿದೆ ಎಂದೇ ನನಗೆ ಅನ್ನಿಸುತ್ತದೆ. ಅನಂತರ ನೀರಿನ ಟ್ಯಾಂಕರುಗಳು ಬೀದಿ ತೊಳೆಯತೊಡಗುತ್ತವೆ, ನಿವಾಸಿಗಳು ತಮ್ಮ ಮನೆಯ ಪೈಪುಗಳಿಂದ ಗುರುತು ಪರಿಚಯವಿಲ್ಲದವರ ತಲೆ ಮತ್ತು ಬೆನ್ನಿನ ಮೇಲೆ ನೀರು ಹಾಯಿಸುತ್ತಾರೆ. ಹುಳಿರಸ ತಾಗಿ ಬೀದಿಯ ಕಲ್ಲುಗಳು ಮೊದಲಿಗಿಂತ ಶುಭ್ರವಾಗುತ್ತವೆ ಎಂದು ಊರಿನವರು ಹೇಳುವುದನ್ನು ಕೇಳಿದ್ದೇನೆ.

ಕೃಷಿಕ ಓದುಗ:

ಮೇಲಿನವರ ಬರಹಗಳನ್ನು ಆಸಕ್ತಿಯಿಂದ ಓದಿದೆ. ಆದರೆ ಎರಡನೆಯ ಪ್ರಶ್ನೆಯನ್ನು ಎಲ್ಲರೂ ಬದಿಗೆ ಸರಿಸಿದ್ದಾರೆ. ನಾನು ಟೊಮೆಟೊ ಬೆಳೆಯುವವನು. ಸಸಿಮಡಿಯಿಂದ ಹಿಡಿದು ಕೊಯ್ಲಿನವರೆಗೆ ಆ ಬೆಳೆ ಎಷ್ಟು ನೀರು, ಎಷ್ಟು ಆಳು, ಎಷ್ಟು ಕಾಳಜಿ ಬೇಡುತ್ತದೆ ಎಂಬುದು ನನಗೆ ತಿಳಿದಿದೆ. 2024ರಲ್ಲಿ ಬುನ್ಯೋಲ್‌ನಲ್ಲಿ ಬಳಸಿದ್ದು ಸುಮಾರು 150 ಟನ್, 2025ರಲ್ಲಿ ಸುಮಾರು 120 ಟನ್. ಅನ್ನವನ್ನು ಕಾಲಿನಿಂದ ತುಳಿಯಬಾರದು ಎಂದು ಕಲಿತು ಬೆಳೆದವನಿಗೆ ಆ ಚಿತ್ರಗಳನ್ನು ನೋಡುವುದು ಸುಲಭವಲ್ಲ. ನಿಯಮಬದ್ಧವಾಗಿ ಪೋಲು ಮಾಡಿದರೂ ಪೋಲು ಪೋಲೇ ಅಲ್ಲವೇ?

ಚರ್ಚೆ ಆರಂಭಿಸಿದವರು:

ಕೃಷಿಕರೇ, ನಿಮ್ಮ ಆಕ್ಷೇಪ ನ್ಯಾಯವಾದದ್ದು, ಅದನ್ನು ತೇಲಿಸಿಬಿಡುವ ಉದ್ದೇಶ ನನಗಿಲ್ಲ. ನಾನು ತಿಳಿದುಕೊಂಡ ಸಂಗತಿಗಳನ್ನು ಮುಂದಿಡುತ್ತೇನೆ.

ಆರಂಭದ ದಶಕಗಳಲ್ಲಿ ಜನ ಮನೆಯಿಂದಲೇ ಟೊಮೆಟೊ ತರುತ್ತಿದ್ದರು. 1980ರಿಂದ ಪುರಸಭೆಯೇ ಟೊಮೆಟೊ ಪೂರೈಕೆಯ ಹೊಣೆ ಹೊತ್ತಿದೆ. ಈಗಿನ ವರ್ಷಗಳಲ್ಲಿ ಅವು ಬರುತ್ತಿರುವುದು ವೆಲೆನ್ಸಿಯಾದ ತೋಟಗಳಿಂದ ಅಲ್ಲ, ದೇಶದ ಪಶ್ಚಿಮದಲ್ಲಿರುವ ಎಸ್ತ್ರೆಮದೂರಾ ಪ್ರಾಂತ್ಯದ ಡಾನ್ ಬೆನಿತೋ ಕಡೆಯಿಂದ. ಆ ಪ್ರಾಂತ್ಯ ಸಾಸ್ ಮತ್ತು ಪೇಸ್ಟ್ ತಯಾರಿಸುವ ಕಾರ್ಖಾನೆಗಳಿಗಾಗಿಯೇ ವರ್ಷಕ್ಕೆ ಹತ್ತು ಲಕ್ಷ ಟನ್‌ಗೂ ಹೆಚ್ಚು ಟೊಮೆಟೊ ಬೆಳೆಯುತ್ತದೆ. ಅದರ ಎದುರು 120 ಟನ್ ಎಂದರೆ ಹತ್ತು ಸಾವಿರದಲ್ಲಿ ಒಂದು ಪಾಲಿನ ಆಸುಪಾಸು. ಹಬ್ಬಕ್ಕೆ ತರುವುದು ತೀರಾ ಮಾಗಿದ, ಮಾರುಕಟ್ಟೆಗೆ ಸಲ್ಲದ, ಕಡಿಮೆ ದರ್ಜೆಯ ಹಣ್ಣು ಎಂದು ಸಂಘಟಕರು ವರ್ಷವರ್ಷವೂ ಹೇಳುತ್ತಾರೆ. 2025ರಲ್ಲಿ ಪಾಲ್ಗೊಂಡ ಸುಮಾರು 22,000 ಜನರಿಗೆ ಹಂಚಿದರೆ ತಲೆಗೆ ಐದೂವರೆ ಕಿಲೋ ಬೀಳುತ್ತದೆ.

ಕೃಷಿಕ ಓದುಗ:

ಲೆಕ್ಕವನ್ನು ಒಪ್ಪುತ್ತೇನೆ. ಮಾರುಕಟ್ಟೆಗೆ ಸಲ್ಲದ ಹಣ್ಣು ಎಂಬ ಮಾತನ್ನು ಮಾತ್ರ ಬೆಳೆಗಾರನಾಗಿ ಅಷ್ಟು ಸುಲಭಕ್ಕೆ ಒಪ್ಪಲಾರೆ. ಕಾರ್ಖಾನೆಗೆ ಹೋಗುವ ಟೊಮೆಟೊ ಹೇಗಿದ್ದರೂ ನೋಡಲು ಅಂದವಾಗಿರಬೇಕಾಗಿಲ್ಲ, ತೀರಾ ಮಾಗಿದ ಹಣ್ಣೇ ಅಲ್ಲಿ ಬೇಕಾಗಿರುವುದು. ಹಬ್ಬಕ್ಕೆಂದು ಹಣ ಕೊಟ್ಟು ಖರೀದಿಸಿ, ಸ್ಪೇನ್‌ನ ಒಂದು ಅಂಚಿನಿಂದ ಇನ್ನೊಂದು ಅಂಚಿನತ್ತ ಲಾರಿಯಲ್ಲಿ ಸಾಗಿಸುವಾಗ ಅದು ಕಸವಾಗಿತ್ತು ಎನ್ನುವುದು ಸಮಾಧಾನದ ಮಾತು. ಬೆಳೆದವನಿಗೆ ಬೆಲೆ ಸಿಕ್ಕಿತು ಎಂಬ ವಾದವನ್ನು ಬೇಕಾದರೆ ಒಪ್ಪಬಹುದು, ಅದರಲ್ಲಿ ನಿಜವಿದೆ. ಹೊಲದಲ್ಲೇ ಕೊಳೆತುಹೋಗುವ ಬೆಳೆಯನ್ನು ಕಂಡವರಿಗೆ, ಯಾರಾದರೂ ಹಣ ಕೊಟ್ಟು ಒಯ್ದರೆ ಸಾಕು ಎನಿಸುವ ದಿನಗಳೂ ಇರುತ್ತವೆ.

ನನ್ನ ಸಂಕಟ ಪ್ರಮಾಣಕ್ಕೆ ಸಂಬಂಧಿಸಿದ್ದಲ್ಲ. ಪಡಿತರದ ಕಾಲದಲ್ಲಿ ಮನೆಯ ಹಿತ್ತಲಿನ ನಾಲ್ಕು ಹಣ್ಣು ತಂದು ಎಸೆದವನಿಗೆ ಅದರ ಬೆಲೆ ಗೊತ್ತಿತ್ತು. ಲಾರಿಯಿಂದ ಸುರಿದದ್ದನ್ನು ಎತ್ತಿ ಎಸೆಯುವವನಿಗೆ ಅದು ಗೊತ್ತಿರಬೇಕಾಗಿಲ್ಲ. ಹಬ್ಬ ಬದಲಾದದ್ದು ಅಲ್ಲಿಯೇ ಎಂದು ನನಗೆ ತೋರುತ್ತದೆ.

ಇತಿಹಾಸದ ವಿದ್ಯಾರ್ಥಿ:

ಕೃಷಿಕರ ಕೊನೆಯ ಮಾತು ಬಹಳ ಮುಖ್ಯವಾದದ್ದು. ಅದಕ್ಕೆ ಹೊಂದಿಕೊಂಡ ಇನ್ನೊಂದು ಬದಲಾವಣೆಯನ್ನೂ ಇಲ್ಲಿ ಹೇಳಬೇಕು. 1983ರಲ್ಲಿ ಸ್ಪೇನ್‌ನ ಸರ್ಕಾರಿ ದೂರದರ್ಶನದ ‘ಇನ್ಫೊರ್ಮೆ ಸೆಮನಾಲ್’ ಕಾರ್ಯಕ್ರಮದಲ್ಲಿ ಪತ್ರಕರ್ತ ಹಾವಿಯೆರ್ ಬಸೀಲಿಯೊ ಈ ಹಬ್ಬದ ಬಗ್ಗೆ ವರದಿ ಮಾಡಿದ ಮೇಲೆ ಅದು ದೇಶಕ್ಕೆಲ್ಲ ಪರಿಚಯವಾಯಿತು. 2002ರಲ್ಲಿ ಅಂತರರಾಷ್ಟ್ರೀಯ ಪ್ರವಾಸಿ ಆಸಕ್ತಿಯ ಹಬ್ಬವೆಂಬ ಮಾನ್ಯತೆ ದೊರೆಯಿತು. ಮುಂದಿನ ಹತ್ತು ವರ್ಷಗಳಲ್ಲಿ ಜನ ಎಷ್ಟು ಹೆಚ್ಚಿದರೆಂದರೆ 2012ರಲ್ಲಿ ನಲವತ್ತು ಸಾವಿರಕ್ಕೂ ಹೆಚ್ಚು ಮಂದಿ ಆ ಬೀದಿಗಳಲ್ಲಿ ತುಂಬಿದ್ದರು. ಸುರಕ್ಷತೆಯ ದೃಷ್ಟಿಯಿಂದ 2013ರಲ್ಲಿ ಮೊದಲ ಬಾರಿಗೆ ಟಿಕೆಟ್ ವ್ಯವಸ್ಥೆ ತಂದು, ಒಟ್ಟು ಸಂಖ್ಯೆಯನ್ನು 20,000ಕ್ಕೆ ಮಿತಿಗೊಳಿಸಿ, ಹೊರಗಿನವರಿಗೆ ಕನಿಷ್ಠ 10 ಯೂರೊ ಶುಲ್ಕ ಇಡಲಾಯಿತು. ಊರಿನವರಿಗಾಗಿ 5,000 ಉಚಿತ ಪ್ರವೇಶಗಳನ್ನು ಕಾಯ್ದಿರಿಸಲಾಯಿತು.

ಕಟ್ಟುಪಾಡಿನ ವಾದವನ್ನು ಈ ಹಿನ್ನೆಲೆಯಲ್ಲಿ ಮತ್ತೊಮ್ಮೆ ನೋಡಬೇಕು. ಪರಸ್ಪರ ಪರಿಚಯವಿರುವ ಊರಿನಲ್ಲಿ ನಿಯಮವನ್ನು ಕಾಯುವುದು ಮುಖಲಜ್ಜೆ: ಪಕ್ಕದ ಮನೆಯವನ ಕಣ್ಣಿಗೆ ಹಿಸುಕದ ಹಣ್ಣು ಬೀಸಿದವನು ಮರುದಿನ ಅವನ ಮುಖ ನೋಡಲೇಬೇಕು. ಪ್ರತಿ ನಾಲ್ವರಲ್ಲಿ ಮೂವರು ಹೊರಗಿನವರಾದಾಗ ಆ ಲಜ್ಜೆಯ ಸ್ಥಾನಕ್ಕೆ ತಡೆಬೇಲಿ, ಕಾವಲುಗಾರರು ಮತ್ತು ಟಿಕೆಟ್ ಬರುತ್ತವೆ. ನಿಯಮ ಅದೇ ಇದ್ದರೂ ಅದನ್ನು ಪಾಲಿಸುವ ಕಾರಣ ಬೇರೆಯಾಗಿದೆ.

ಇವ್ರಿಯಾ ನೋಡಿ ಬಂದವರು:

ಇದೇ ವಿಷಯಕ್ಕೆ ಇಟಲಿಯ ಉದಾಹರಣೆಯೊಂದನ್ನು ಕೊಡಬಯಸುತ್ತೇನೆ. ಟುರಿನ್ ನಗರದ ಉತ್ತರಕ್ಕಿರುವ ಇವ್ರಿಯಾದಲ್ಲಿ ಕಾರ್ನಿವಲ್‌ನ ಕೊನೆಯ ಮೂರು ದಿನಗಳಲ್ಲಿ, ಅಂದರೆ ಭಾನುವಾರದಿಂದ ಮಂಗಳವಾರದವರೆಗೆ, ಕಿತ್ತಳೆಯ ಕಾಳಗ ನಡೆಯುತ್ತದೆ. ಅಲ್ಲಿ ಕಟ್ಟುಪಾಡು ಇನ್ನೂ ಬಿಗಿ. ನೆಲದ ಮೇಲೆ ಒಂಬತ್ತು ತಂಡಗಳು, ಪ್ರತಿಯೊಂದಕ್ಕೂ ತನ್ನದೇ ಬಣ್ಣ, ಲಾಂಛನ, ಜೊತೆಗೆ ನಿಗದಿತ ಚೌಕ. ಕುದುರೆ ಎಳೆಯುವ ಗಾಡಿಗಳ ಮೇಲೆ ಚರ್ಮದ ಶಿರಸ್ತ್ರಾಣ ಮತ್ತು ದಪ್ಪ ಕವಚ ತೊಟ್ಟ ಎದುರಾಳಿಗಳು. ನೆಲದವರಿಗೆ ಮುಖಕ್ಕೆ ಯಾವ ರಕ್ಷಣೆಯೂ ಇಲ್ಲ. ಪ್ರೇಕ್ಷಕರು ಕೆಂಪು ಟೊಪ್ಪಿಗೆ ಧರಿಸಿದರೆ ಅವರ ಮೇಲೆ ಹಣ್ಣು ಎಸೆಯಬಾರದು ಎಂಬುದು ಎಲ್ಲರೂ ಬಲ್ಲ ಸಂಕೇತ.

ಆ ಕಾಳಗದ ಹಿಂದೆ ಒಂದು ಐತಿಹ್ಯವಿದೆ. ಮದುವೆಯ ರಾತ್ರಿ ತನ್ನನ್ನು ಬಲಾತ್ಕರಿಸಲು ಬಂದ ದೊರೆಯನ್ನು ಗಿರಣಿಯವನ ಮಗಳು ವಿಯೊಲೆಟ್ಟಾ ಕೊಂದಳು, ಜನ ದಂಗೆಯೆದ್ದರು ಎಂಬುದು ಅದರ ಸಾರ. ಗಾಡಿಯ ಮೇಲಿನವರು ದೊರೆಯ ಸೈನಿಕರು, ನೆಲದವರು ಪ್ರಜೆಗಳು. ಕಿತ್ತಳೆ ಆ ಸೀಮೆಯ ಬೆಳೆಯೇ ಅಲ್ಲ, ಅದು ಬರುವುದು ದಕ್ಷಿಣ ಇಟಲಿಯಿಂದ. ಆದರೂ ಅಲ್ಲಿನ ತಂಡಗಳಿಗೆ ಸೇರಿದವರು ಬಹುಮಟ್ಟಿಗೆ ಊರಿನವರು ಮತ್ತು ನೆರೆಯವರು; ತಂದೆಯ ತಂಡದಲ್ಲೇ ಮಗನೂ ಆಡುತ್ತಾನೆ. ಪ್ರವಾಸಿ ಅಲ್ಲಿ ಮುಖ್ಯವಾಗಿ ಬಲೆಯ ಹಿಂದೆ ನಿಂತು ನೋಡುವವನು. ಹೊರಗಿನವನು ಹಣ ಕಟ್ಟಿ ತಂಡಕ್ಕೆ ಸೇರಲು ದಾರಿಯಿದ್ದರೂ ಹಬ್ಬದ ಬೆನ್ನೆಲುಬು ಅವನಲ್ಲ. ಬುನ್ಯೋಲ್‌ನಲ್ಲಿ ಇಂಥ ಕಥೆಯೂ ಇಲ್ಲ, ತಂಡವೂ ಇಲ್ಲ, ಸೋಲು ಗೆಲುವೂ ಇಲ್ಲ. ಎಲ್ಲರೂ ಎಲ್ಲರ ಮೇಲೆ ಎರಚುತ್ತಾರೆ. ಹೊರಗಿನವರಿಗೆ ಅದು ಸಲೀಸಾಗಿ ತೆರೆದುಕೊಂಡದ್ದು ಈ ಕಾರಣದಿಂದಲೇ. ಟಿಕೆಟ್ ಕೊಂಡವನು ಅರ್ಧ ನಿಮಿಷದಲ್ಲಿ ಕಲಿತುಬಿಡಬಹುದಾದ ಹಬ್ಬ ಅದು.

ಕೃಷಿಕ ಓದುಗ:

ಹಾಗಾದರೆ ಆಹಾರ ಎರಚುವ ಹಬ್ಬಗಳಲ್ಲಿ ಊರಿಗೇ ಏನಾದರೂ ಮರಳಿ ದಕ್ಕುವಂಥವು ಇವೆಯೇ? ತಿಳಿದವರು ಹೇಳಬೇಕು.

ವೆಲೆನ್ಸಿಯಾ ವಾಸಿ:

ಇವೆ. ನಮ್ಮ ಪಕ್ಕದ ಅಲಿಕಾಂತೆ ಪ್ರಾಂತ್ಯದ ಇಬಿ ಎಂಬ ಊರಿನಲ್ಲಿ ಡಿಸೆಂಬರ್ 28ರಂದು ‘ಎಲ್ಸ್ ಎನ್‌ಫರಿನಾಟ್ಸ್’ ಎಂಬ ಆಚರಣೆ ನಡೆಯುತ್ತದೆ. ಮುಖಕ್ಕೆ ಬಣ್ಣ ಬಳಿದುಕೊಂಡ ಒಂದು ಗುಂಪು ಆ ಒಂದು ದಿನದ ಮಟ್ಟಿಗೆ ಊರಿನ ಅಧಿಕಾರವನ್ನು ವಶಪಡಿಸಿಕೊಂಡಂತೆ ನಟಿಸುತ್ತದೆ, ವಿಚಿತ್ರವಾದ ಕಾನೂನುಗಳನ್ನು ಸಾರುತ್ತದೆ, ಮುರಿದವರಿಗೆ ದಂಡ ಹಾಕುತ್ತದೆ. ಅವರನ್ನು ವಿರೋಧಿಸುವ ಗುಂಪಿನೊಡನೆ ಹಿಟ್ಟು, ಮೊಟ್ಟೆ ಮತ್ತು ಪಟಾಕಿಗಳ ಕಾಳಗ ನಡೆಯುತ್ತದೆ. ಹೀಗೆ ವಸೂಲಾದ ದಂಡದ ಹಣ ದಾನಕ್ಕೆ ಹೋಗುತ್ತದೆ. ಚರ್ಚೆ ಆರಂಭಿಸಿದವರು ಹೇಳುವ ಕಟ್ಟುಪಾಡೇ ಅಲ್ಲಿ ಆಟದ ವಸ್ತುವಾಗಿರುವುದನ್ನು ಗಮನಿಸಬೇಕು.

ಬುನ್ಯೋಲ್‌ಗೂ ಏನೂ ದಕ್ಕುವುದಿಲ್ಲ ಎನ್ನಲಾಗದು. 2024ರ ಅಕ್ಟೋಬರ್ 29ರಂದು ವೆಲೆನ್ಸಿಯಾ ಪ್ರಾಂತ್ಯದಲ್ಲಿ ಬಿದ್ದ ಮಹಾಮಳೆ ಮತ್ತು ಪ್ರವಾಹದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಬುನ್ಯೋಲ್‌ಗೂ ದೊಡ್ಡ ಪೆಟ್ಟು ಬಿದ್ದಿತು. ಮುಂದಿನ ಆಗಸ್ಟ್‌ನಲ್ಲಿ, ಹಬ್ಬ ಹುಟ್ಟಿ 80 ವರ್ಷ ತುಂಬಿದ ಸಂದರ್ಭದಲ್ಲಿ, ಊರು ಅದನ್ನು ಚಿಕಿತ್ಸೆಯೆಂಬ ಆಶಯದೊಂದಿಗೆ ಆಚರಿಸಿತು. ಕೆಸರು ತುಂಬಿದ ಬೀದಿಗಳನ್ನು ಗೋರಿ ತೊಳೆದವರು ವರ್ಷ ಕಳೆಯುವುದರೊಳಗೆ ಅದೇ ಬೀದಿಗಳನ್ನು ಟೊಮೆಟೊ ರಸದಿಂದ ತುಂಬಿಸಿ ಮತ್ತೆ ತೊಳೆಯಲು ಮುಂದಾದದ್ದನ್ನು ಪ್ರವಾಸೋದ್ಯಮದ ಲೆಕ್ಕದಲ್ಲಿ ಮಾತ್ರ ವಿವರಿಸಲು ಸಾಧ್ಯವಿಲ್ಲ ಎಂದು ನಾನು ದೃಢವಾಗಿ ನಂಬಿದ್ದೇನೆ.

ಚರ್ಚೆ ಆರಂಭಿಸಿದವರು:

ಎಲ್ಲರ ಬರಹಗಳಿಂದ ಬಹಳ ಕಲಿತೆ. ಇತಿಹಾಸದ ವಿದ್ಯಾರ್ಥಿಯವರು ಹೇಳಿದಂತೆ, ನಿಯಮವನ್ನು ಪಾಲಿಸುವ ಕಾರಣ ಬದಲಾಗಿರುವುದನ್ನು ನನ್ನ ಉತ್ತರದೊಳಗೆ ಸೇರಿಸಿಕೊಳ್ಳಲೇಬೇಕು. ಆದರೆ ಮುಖಲಜ್ಜೆಯ ಆ ಹಬ್ಬ ಸಂಪೂರ್ಣವಾಗಿ ಮರೆಯಾಗಿದೆ ಎನ್ನುವ ಮೊದಲು ಒಂದು ಸಂಗತಿಯನ್ನು ಪರಿಗಣಿಸಬೇಕೆಂದು ವಿನಂತಿಸುತ್ತೇನೆ. ಬುಧವಾರದ ದೊಡ್ಡ ಕಾಳಗಕ್ಕೆ ಮೊದಲು, ಅದೇ ಜಾತ್ರೆಯ ದಿನಗಳಲ್ಲಿ, ಮಕ್ಕಳಿಗಾಗಿಯೇ ಬೇರೊಂದು ಟೊಮಾಟಿನಾ ನಡೆಯುತ್ತದೆ. ಅದಕ್ಕೆ ಟಿಕೆಟ್ ಇಲ್ಲ, ನೂಕುನುಗ್ಗಲೂ ಇಲ್ಲ. ತಂದೆತಾಯಿಯರ ಕಣ್ಣೆದುರಿನಲ್ಲೇ ಚಿಕ್ಕ ಮಕ್ಕಳು ಹಣ್ಣನ್ನು ಮೊದಲು ಹಿಸುಕಬೇಕು, ಸೂಚನೆ ಬಂದಾಗ ನಿಲ್ಲಿಸಬೇಕು ಎಂಬುದನ್ನು ಅಲ್ಲಿ ಕಲಿಯುತ್ತಾರೆ. ಕೃಷಿಕರು ಕೇಳಿದ ಪೋಲಿನ ಪ್ರಶ್ನೆಗೆ ಇದು ಉತ್ತರವಲ್ಲ, ಅದು ಹಾಗೆಯೇ ನಿಂತಿದೆ ಎಂಬುದನ್ನು ಒಪ್ಪುತ್ತೇನೆ.

ಕೃಷಿಕ ಓದುಗ:

ಮಕ್ಕಳ ಹಬ್ಬದ ವಿಷಯ ನನಗೆ ತಿಳಿದಿರಲಿಲ್ಲ. ಆ ಮಕ್ಕಳಿಗೆ ಎಸೆಯಲು ಕೊಡುವ ಹಣ್ಣನ್ನಾದರೂ ಎಸ್ತ್ರೆಮದೂರಾದಿಂದ ತರಿಸದೆ, ಅವರವರ ಹಿತ್ತಲಲ್ಲೇ ಬೆಳೆಸಿ ತರುವಂತೆ ಹೇಳಿದರೆ ನನ್ನ ಆಕ್ಷೇಪವನ್ನು ಅಷ್ಟರ ಮಟ್ಟಿಗೆ ಹಿಂತೆಗೆದುಕೊಳ್ಳಲು ಸಿದ್ಧನಿದ್ದೇನೆ. ನಾಲ್ಕು ಗಿಡಕ್ಕೆ ಮೂರು ತಿಂಗಳು ನೀರು ಹಾಕಿದ ಮಗು ಯಾವ ಹಣ್ಣನ್ನು ತಿನ್ನಬೇಕು, ಯಾವುದನ್ನು ಎಸೆಯಬೇಕು ಎಂಬುದನ್ನು ತಾನೇ ಆರಿಸಿಕೊಳ್ಳುತ್ತದೆ.